ಊಷ್ಮ

ಎಂಜಿನ್ನಿಗೆ ಪೆಟ್ರೋಲು ಕುಡಿಸುವುದು ಸುಲಭ, ಗಾಳಿ ಕುಡಿಸುವುದೇ ಕಷ್ಟ. ಬಂಕಿನಲ್ಲಿ ನಾವು ದುಡ್ಡು ಕೊಡುವುದು ಪೆಟ್ರೋಲಿಗಾದ್ದರಿಂದ ಕಾರಿನ ಕಸುವೆಲ್ಲ ಅದರಲ್ಲೇ ಇದೆ ಎಂದುಕೊಂಡಿರುತ್ತೇವೆ. ಆದರೆ ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಹೆಚ್ಚುಕಡಿಮೆ 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಒಂದು ಪುಟ್ಟ ಪಂಪು ಎಷ್ಟು ಬೇಕಾದರೂ ಚಿಮ್ಮಿಸಿಕೊಡುತ್ತದೆ. ಗಾಳಿ ಮಾತ್ರ ಬಿಟ್ಟಿಯಾಗಿ ಸಿಕ್ಕರೂ ತಾನಾಗಿ ಒಳಗೆ ಬರುವುದಿಲ್ಲ. ಪಿಸ್ಟನ್ ಕೆಳಗಿಳಿದಾಗ ಆದ ಖಾಲಿ ಜಾಗಕ್ಕೆ ಹೊರಗಿನ ವಾತಾವರಣ ಎಷ್ಟನ್ನು ತಳ್ಳುತ್ತದೋ ಅಷ್ಟೇ ಆ ಎಂಜಿನ್ನಿನ ಪಾಲು. ಸಮುದ್ರಮಟ್ಟದಲ್ಲಿರುವ ಮಂಗಳೂರಿನಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದ ಕಾರಿಗೆ ಗಾಳಿಯ ಒತ್ತಡದಲ್ಲೇ ಹತ್ತರಲ್ಲೊಂದು ಪಾಲು ಕಡಿತವಾಗಿರುತ್ತದೆ. ಡ್ರೈವರಿಗೆ ಅದು ಗೊತ್ತಾಗದಿದ್ದರೂ ಎಂಜಿನ್ನಿಗೆ ಗೊತ್ತಿರುತ್ತದೆ.

ಈ ಪಾಲನ್ನು ಬಲವಂತವಾಗಿ ಹೆಚ್ಚಿಸುವ ಯಂತ್ರವೇ ಸೂಪರ್‌ಚಾರ್ಜರ್. ಎಂಜಿನ್ನಿನ ಮುಂದಿನ ಪುಲ್ಲಿಯಿಂದ ಒಂದು ಬೆಲ್ಟು, ಆ ಬೆಲ್ಟಿನಿಂದ ತಿರುಗುವ ಒಂದು ಗಾಳಿಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದಕ್ಕೊಂದು ತಾಕದಂತೆ ಹೆಣೆದುಕೊಂಡು ಸುತ್ತುವ ಎರಡು ರೋಟರುಗಳು ಗಾಳಿಯನ್ನು ಬೊಗಸೆ ಬೊಗಸೆಯಾಗಿ ಹಿಡಿದು ಮುಂದಕ್ಕೆ ನೂಕುತ್ತವೆ. ಟರ್ಬೊ ತಿರುಗುವುದು ಹೊಗೆಯ ರಭಸದಿಂದ. ಇದು ತಿರುಗುವುದು ಎಂಜಿನ್ನಿನ ಸ್ವಂತ ದುಡಿಮೆಯಿಂದ. ಗಳಿಸಿದ್ದರಲ್ಲಿ ಒಂದು ಪಾಲು ಬೆಲ್ಟಿಗೇ ಹೋಗುತ್ತದೆ. ಆದರೆ ಕಾಲಿಟ್ಟ ಕ್ಷಣದಲ್ಲೇ ಎಳೆತ ಸಿಗುತ್ತದೆ, ಕಾಯಿಸುವುದಿಲ್ಲ.

ಈ ಗಾಳಿಪೆಟ್ಟಿಗೆ ಹುಟ್ಟಿದ್ದು ಕಾರಿಗಾಗಿ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಅಣ್ಣತಮ್ಮಂದಿರು ಉಣ್ಣೆ ಗಿರಣಿ ನಡೆಸುತ್ತಿದ್ದರು. ಗಿರಣಿಯ ನೀರುಚಕ್ರವನ್ನು ಸುಧಾರಿಸಲು ಹೊರಟವರಿಗೆ ತಾವು ಮಾಡಿದ ಸಲಕರಣೆ ನೀರಿಗಿಂತ ಗಾಳಿಗೇ ಚೆನ್ನಾಗಿ ಒಗ್ಗುತ್ತದೆ ಎಂದು ಹೊಳೆಯಿತು. 1860ರಲ್ಲಿ ಪೇಟೆಂಟ್ ಪಡೆದರು. ಮೊದಲು ಅದು ಊದಿದ್ದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ. ಕಾರಿಗೆ ಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು. 1921ರ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್ ಸೂಪರ್‌ಚಾರ್ಜರ್ ಇರುವ ಕಾರುಗಳನ್ನು ಮಾರಾಟಕ್ಕೆಂದು ಮುಂದಿಟ್ಟಿತು.

ಆಗಿನಿಂದಲೂ ಇದರ ಬಗ್ಗೆ ಎರಡು ಪಂಗಡ. ಇಂಗ್ಲೆಂಡಿನ ಟಿಮ್ ಬರ್ಕಿನ್ ಎಂಬ ರೇಸುಗಾರ ಬೆಂಟ್ಲಿ ಕಾರಿನ ಮೂತಿಗೆ ಸೂಪರ್‌ಚಾರ್ಜರ್ ಕೂರಿಸಬೇಕೆಂದು ಹಟ ಹಿಡಿದ. ಕಂಪನಿ ಕಟ್ಟಿದ ಡಬ್ಲ್ಯೂ.ಓ. ಬೆಂಟ್ಲಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಹೆಚ್ಚು ಶಕ್ತಿ ಬೇಕಾದರೆ ದೊಡ್ಡ ಎಂಜಿನ್ನನ್ನೇ ಮಾಡು, ಚಿಕ್ಕದರ ಬಾಯಿಗೆ ತುರುಕಬೇಡ ಎಂಬುದು ಅವರ ನಿಲುವು. 1930ರ ಲ ಮಾನ್ಸ್ ಓಟದಲ್ಲಿ ಬರ್ಕಿನ್ ತಂಡದ ಕಾರುಗಳು ಗುರಿ ಮುಟ್ಟಲಿಲ್ಲ. ಗೆದ್ದದ್ದು ಸೂಪರ್‌ಚಾರ್ಜರ್ ಇಲ್ಲದ ಬೆಂಟ್ಲಿ. ಆದರೂ ಇವತ್ತು ಜನರ ನೆನಪಿನಲ್ಲಿ ಉಳಿದಿರುವುದು ಸೋತ ಆ ಬ್ಲೋವರ್ ಬೆಂಟ್ಲಿಯೇ. ತುರುಕಿಸಿಕೊಂಡವರ ಮೇಲೆ ನಮಗೊಂದು ವಿಚಿತ್ರವಾದ ಮಮತೆ.

ಇಷ್ಟೆಲ್ಲ ನಾನು ತಿಳಿದುಕೊಂಡದ್ದು ಒಬ್ಬ ಗೆಳೆಯನ ದೆಸೆಯಿಂದ. ಇಬ್ಬರೂ ಮಿಶಿಗನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇವೆ. ಅವನದು ಬ್ಯಾಟರಿಗಳ ಗಣಿತ, ನನ್ನದು ಭಾಷಾವಿಜ್ಞಾನ. ಅವನ ಊರು ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ. ಎರಡು ವರ್ಷದ ಸ್ಟೈಪೆಂಡಿನಲ್ಲಿ ಉಳಿಸಿದ ದುಡ್ಡಿನಿಂದ ಅವನೊಂದು ಹಳೆಯ ಮಜ್ದಾ ಮಿಯಾಟಾ ಕೊಂಡ. ಎರಡೇ ಸೀಟು, ಬಿಚ್ಚಿ ಮಡಿಸುವ ಟಾಪು, ಕಣ್ಣು ತೆರೆದಂತೆ ಮೇಲೇಳುವ ಹೆಡ್‌ಲೈಟುಗಳು. 1989ರ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಎಂಜಿನ್ನು 1.6 ಲೀಟರಿನದು, ಹೊಸದರಲ್ಲಿ 116 ಅಶ್ವಶಕ್ತಿ. ತೂಕ ಒಂದು ಟನ್ನಿಗೂ ಕಡಿಮೆ. ಕುದುರೆಯೂ ಸವಾರನೂ ಒಂದೇ ಮೈಯಾಗಬೇಕು ಎನ್ನುವ ಜಪಾನೀ ಮಾತನ್ನು ಮುಂದಿಟ್ಟುಕೊಂಡು ಅದನ್ನು ವಿನ್ಯಾಸ ಮಾಡಿದರಂತೆ. ಸವಾರ ಸರಿಯಾಗಿಯೇ ಇದ್ದ, ಕುದುರೆ ಸ್ವಲ್ಪ ಬಡಕಲು ಎಂದು ಅವನಿಗೆ ಅನ್ನಿಸಿತು. ಯಾರೋ ಬಿಚ್ಚಿ ಮಾರಿದ ಈಟನ್ ಎಂ45 ಸೂಪರ್‌ಚಾರ್ಜರ್ ಒಂದನ್ನು ತಂದು, ಒಂದಿಡೀ ಚಳಿಗಾಲ ಬಾಡಿಗೆ ಗ್ಯಾರೇಜಿನಲ್ಲಿ ಕೂತು ಜೋಡಿಸಿದ.

"ಲ್ಯಾಬಿನಲ್ಲಿ ಮೂರು ತಿಂಗಳು ಕೋಡ್ ಬರೆದರೆ ಒಂದು ಗ್ರಾಫ್ ಸಿಗುತ್ತೆ. ಅದೂ ನಿಜವೋ ಸುಳ್ಳೋ ಇನ್ಯಾರೋ ಹೇಳಬೇಕು. ಇಲ್ಲಿ ಬೋಲ್ಟ್ ಬಿಗಿ ಇದ್ರೆ ಬಿಗಿ, ಸಡಿಲ ಇದ್ರೆ ಸಡಿಲ ಕಣೇ," ಎಂದು ಒಮ್ಮೆ ಹೇಳಿದ. ಪಿಎಚ್‌ಡಿಯ ನಾಲ್ಕನೆಯ ವರ್ಷದಲ್ಲಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂ45ರ 45 ಅಂದರೆ 45 ಘನ ಇಂಚು. ರೋಟರು ಒಂದು ಸುತ್ತು ತಿರುಗಿದರೆ ಸುಮಾರು 740 ಸಿಸಿ ಗಾಳಿ ದಾಟುತ್ತದೆ. 1.6 ಲೀಟರಿನ ಎಂಜಿನ್ನು ಒಂದು ಸುತ್ತಿಗೆ ಕೇಳುವುದು 800 ಸಿಸಿ. ಗಾಳಿಪೆಟ್ಟಿಗೆಯನ್ನು ಎಂಜಿನ್ನಿಗಿಂತ 1.7 ಪಟ್ಟು ವೇಗವಾಗಿ ತಿರುಗಿಸಿದರೆ ಸುಮಾರು 1,250 ಸಿಸಿ ಬರುತ್ತದೆ. ಸಂದಿಗೊಂದಿಯಲ್ಲಿ ಸೋರಿಹೋಗುವುದನ್ನು ಕಳೆದರೂ 1,100ರ ಮೇಲೆ ಉಳಿಯುತ್ತದೆ. 800 ಹಿಡಿಯುವ ಜಾಗಕ್ಕೆ 1,100 ನುಗ್ಗಿದರೆ ಒತ್ತಡ ಏರಲೇಬೇಕು. ವಾತಾವರಣದ 14.7 ಪಿಎಸ್‌ಐ ಮೇಲೆ ಇನ್ನೊಂದು 6 ಪಿಎಸ್‌ಐ. ಆ 1.7 ಎಂಬ ಸಂಖ್ಯೆಯನ್ನು ನಿರ್ಧರಿಸುವುದು ಕಂಪ್ಯೂಟರೂ ಅಲ್ಲ, ಮತ್ತೊಂದೂ ಅಲ್ಲ. ಎರಡು ಪುಲ್ಲಿಗಳ ಅಗಲ, ಅಷ್ಟೇ. ಎಂಜಿನ್ನಿನದು 110 ಮಿಲಿಮೀಟರ್, ಗಾಳಿಪೆಟ್ಟಿಗೆಯದು 65.

ಇದನ್ನು ಅವನು ಊರಿಗೆ ಫೋನಿನಲ್ಲಿ ವಿವರಿಸುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಅವನ ತಂದೆಗೆ ವಿವರಣೆಯ ಅಗತ್ಯವೇ ಬೀಳಲಿಲ್ಲ. ಅವರು ನಲವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸಿದವರು. ಮೊದಲು ಆಯಿಲ್ ಎಂಜಿನ್, ಆಮೇಲೆ ಕರೆಂಟಿನ ಮೋಟಾರು, ಎರಡರಲ್ಲೂ ಅದೇ ಬೆಲ್ಟು, ಅದೇ ಪುಲ್ಲಿ. ಮೋಟಾರಿನ ಪುಲ್ಲಿ ದೊಡ್ಡದಾದರೆ ಕಲ್ಲು ಬಿರುಸಾಗುತ್ತದೆ, ಕಲ್ಲಿನ ಪುಲ್ಲಿ ದೊಡ್ಡದಾದರೆ ನಿಧಾನವಾಗುತ್ತದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕಾಯ್ತೈತೇನ್ಲಾ?"

ಅವನು ಸ್ವಲ್ಪ ಕಾಯುತ್ತದೆ ಎಂದ. "ಕಲ್ಲು ಕಾದ್ರೆ ಹಿಟ್ಟು ಕೆಡ್ತೈತೆ ಕಣ್ಲಾ ಮಗ. ಬಿರ್ಸಾಗಿ ಬೀಸ್ಕೊಟ್ಟೆ ಅಂತ ನೀನು ಹಿಗ್ಗೋದು, ಬಿಸಿ ಹಿಟ್ಟು ಚೀಲಕ್ ತುಂಬ್ಕಂಡೋದೋರು ನಾಕ್ ದಿನಕ್ಕೆ ವಾಪಸ್ ಬತ್ತಾರೆ, ಮುಗ್ಗಲು ವಾಸ್ನೆ ಅಂತ."

ಇಡೀ ವಿಷಯದ ತಿರುಳು ಇದೇ. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು, ಅದುಮಿದ ಗಾಳಿ ಬಿಸಿಯಾಗುತ್ತದೆ. 27 ಡಿಗ್ರಿಯ ಗಾಳಿಯನ್ನು 6 ಪಿಎಸ್‌ಐ ಏರಿಸಲು ಯಾವ ನಷ್ಟವೂ ಇಲ್ಲದ ಯಂತ್ರವೊಂದಿದ್ದರೆ ಅದೇ 30 ಡಿಗ್ರಿ ಬಿಸಿ ಮಾಡುತ್ತದೆ. ರೂಟ್ಸ್ ಮಾದರಿಯ ಗಾಳಿಪೆಟ್ಟಿಗೆ ಅಂಥ ಸಾಧು ಯಂತ್ರವಲ್ಲ. ಅದರ ದಕ್ಷತೆ ನೂರಕ್ಕೆ 55 ಎಂದಿಟ್ಟುಕೊಂಡರೆ ಗಾಳಿ 80 ಡಿಗ್ರಿ ದಾಟುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಒತ್ತಡ ನೂರಕ್ಕೆ 41ರಷ್ಟು ಹೆಚ್ಚಿದರೂ ಸಿಲಿಂಡರಿನೊಳಗೆ ನಿಜವಾಗಿ ಹೆಚ್ಚಿದ ಗಾಳಿ ನೂರಕ್ಕೆ 19ರಷ್ಟು ಮಾತ್ರ. ಮಿಕ್ಕದ್ದು ಬರಿ ಕಾವು. ಗೇಜಿನಲ್ಲಿ ಮುಳ್ಳು ಏರಿದ್ದು ಕಾಣುತ್ತದೆ, ಅದರಲ್ಲಿ ಕಾಳೆಷ್ಟು ಹೊಟ್ಟೆಷ್ಟು ಎಂದು ಮುಳ್ಳು ಹೇಳುವುದಿಲ್ಲ. ನಡುವೆ ಇಂಟರ್‌ಕೂಲರ್ ಇಟ್ಟು ಗಾಳಿಯನ್ನು ತಣಿಸಬಹುದು. ಅವನ ಹಳೆಯ ಜೋಡಣೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಕೈಯಲ್ಲಿ ದುಡ್ಡೂ ಇರಲಿಲ್ಲ.

ಹಾಗೆ ಗಾಳಿ ಹೆಚ್ಚಿದ ಮೇಲೆ ಎಂಜಿನ್ನಿನ ಮಿದುಳನ್ನೂ ತಿದ್ದಬೇಕು. 1.6 ಮಿಯಾಟಾದಲ್ಲಿ ಗಾಳಿಯನ್ನು ಅಳೆಯುವುದು ಬಾಗಿಲಿನ ಹಾಗೆ ತೆರೆದುಕೊಳ್ಳುವ ಒಂದು ರೆಕ್ಕೆ. ಬಾಗಿಲು ಪೂರ್ತಿ ತೆರೆದ ಮೇಲೆ ಎಷ್ಟು ಜನ ನುಗ್ಗಿದರೂ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಆದ್ದರಿಂದ ಅದನ್ನು ತೆಗೆದು ಒತ್ತಡ ಅಳೆಯುವ ಸೆನ್ಸರ್ ಹಾಕಿ, ಮೆಗಾಸ್ಕ್ವರ್ಟ್ ಎಂಬ ಕಂಪ್ಯೂಟರನ್ನು ಕೂರಿಸಿದ. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬಿಬ್ಬರು ಹವ್ಯಾಸಿಗಳು ಕೈಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳುವಂತೆ ರೂಪಿಸಿದ್ದು ಅದು. ಅದರೊಳಗೆ ಮಗ್ಗಿಪುಸ್ತಕದಂಥ ಕೋಷ್ಟಕಗಳಿವೆ. ಅಡ್ಡಸಾಲಿನಲ್ಲಿ ಎಂಜಿನ್ನಿನ ವೇಗ, ಉದ್ದಸಾಲಿನಲ್ಲಿ ಗಾಳಿಯ ಒತ್ತಡ, 16ಕ್ಕೆ 16ರಂತೆ 256 ಮನೆಗಳು. ಒಂದು ಕೋಷ್ಟಕ ಎಷ್ಟು ಪೆಟ್ರೋಲು ಎನ್ನುತ್ತದೆ, ಇನ್ನೊಂದು ಕಿಡಿ ಯಾವಾಗ ಎನ್ನುತ್ತದೆ. ಟ್ಯೂನಿಂಗ್ ಅಂದರೆ ಈ ಮನೆಗಳನ್ನು ಒಂದೊಂದಾಗಿ ತುಂಬುವುದು. ಬೇಸಾಯದ ಹಾಗೆ ತಾಳ್ಮೆ ಬೇಡುವ ಕೆಲಸ.

ಪೆಟ್ರೋಲಿನ ಕೋಷ್ಟಕ ಅಷ್ಟು ಕಷ್ಟವಲ್ಲ. ಹೊಗೆಕೊಳವೆಯಲ್ಲಿ ಕೂತ ಸೆನ್ಸರ್ ಉರಿದದ್ದು ಹೆಚ್ಚೋ ಕಡಿಮೆಯೋ ಹೇಳಿಬಿಡುತ್ತದೆ. ಒತ್ತಡ ಏರಿದಾಗ 14.7ರ ಬದಲು 11.8ರ ಹತ್ತಿರ ಇಟ್ಟು, ಅಂದರೆ ಪೆಟ್ರೋಲನ್ನು ತುಸು ಧಾರಾಳವಾಗಿ ಕೊಟ್ಟು, ಆ ಹನಿಗಳ ತಂಪಿನಿಂದ ಒಳಗಿನ ಕಾವನ್ನು ತಗ್ಗಿಸುತ್ತಾರೆ. ಕಷ್ಟವಿರುವುದು ಕಿಡಿಯ ಕೋಷ್ಟಕದಲ್ಲಿ. ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಕಿಡಿ ಹೊತ್ತಬೇಕು, ಉರಿ ಹರಡಲು ಹೊತ್ತು ಬೇಕಲ್ಲ. ಬೇಗ ಹೊತ್ತಿಸಿದಷ್ಟೂ ಶಕ್ತಿ ಹೆಚ್ಚು. ಒಂದು ಹಂತದ ತನಕ ಮಾತ್ರ. ಆ ಹಂತ ದಾಟಿದರೆ ಉರಿ ಇನ್ನೂ ತಲುಪದ ಮೂಲೆಯಲ್ಲಿರುವ ಮಿಶ್ರಣ, ಅದುಮಿಸಿಕೊಂಡು, ಕಾದು, ತಾನೇ ತಾನಾಗಿ ಸಿಡಿಯುತ್ತದೆ. ಇದಕ್ಕೆ ನಾಕ್ ಎನ್ನುತ್ತಾರೆ, ಬಾಗಿಲು ತಟ್ಟುವ ಸದ್ದು. ಬಹಳ ಹೊತ್ತು ತಟ್ಟಿಸಿಕೊಂಡ ಪಿಸ್ಟನ್ ಅಂಚುಗಳು ಮುರಿಯುತ್ತವೆ. ಕಾದ ಗಾಳಿ ಒಳಗೆ ಬಂದರೆ ಈ ಹಂತ ಹತ್ತಿರ ಬರುತ್ತದೆ. ಸೂಪರ್‌ಚಾರ್ಜರ್ ಮಾಡುವ ಉಪಕಾರವೂ ಅಪಕಾರವೂ ಒಂದೇ ಬಾಗಿಲಿನಿಂದ ಬರುತ್ತವೆ.

ಈ ಸದ್ದಿಗೆ ಒಂದು ಕರಾಳ ಚರಿತ್ರೆಯೂ ಇದೆ. ಬರ್ಲಿನ್‌ನಲ್ಲಿ ಆ ಕಾರುಗಳು ಕಾಣಿಸಿಕೊಂಡ 1921ರಲ್ಲೇ, ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಡೇಟನ್‌ನ ಜನರಲ್ ಮೋಟಾರ್ಸ್ ಪ್ರಯೋಗಶಾಲೆಯಲ್ಲಿ ಥಾಮಸ್ ಮಿಜ್ಲಿ ಎಂಬಾತ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಚೂರು ಬೆರೆಸಿದರೆ ನಾಕ್ ನಿಂತುಹೋಗುತ್ತದೆ ಎಂದು ಕಂಡುಕೊಂಡ. ಸೀಸ ವಿಷವೆಂದು ಆಗಲೇ ಜಗತ್ತಿಗೆ ಗೊತ್ತಿತ್ತು. ಮದ್ಯಸಾರ ಬೆರೆಸಿದರೂ ನಾಕ್ ತಗ್ಗುತ್ತದೆಂದು ಅವರಿಗೂ ಗೊತ್ತಿತ್ತು. ಆದರೂ ಸೀಸವೇ ಗೆದ್ದಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿ ಕೆಟ್ಟು ಸತ್ತರು. ಮಾರಾಟ ಮುಂದುವರಿಯಿತು. ಭಾರತದ ಬಂಕುಗಳಿಂದ ಸೀಸದ ಪೆಟ್ರೋಲು ಪೂರ್ತಿ ಹೋದದ್ದು 2000ದಲ್ಲಿ. ಕೊನೆಯ ದೇಶವಾಗಿ ಆಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಒಂದು ಸದ್ದನ್ನು ಅಡಗಿಸಲು ಮನುಷ್ಯರು ಸರಿಸುಮಾರು ನೂರು ವರ್ಷ ಮಕ್ಕಳ ರಕ್ತಕ್ಕೆ ಸೀಸ ಬೆರೆಸಿದರು. ಸದ್ದು ಹೇಳುತ್ತಿದ್ದದ್ದು ಇಷ್ಟೇ: ಒಳಗೆ ಕಾವು ಹೆಚ್ಚಾಗಿದೆ. ಎಷ್ಟು ತಳ್ಳುತ್ತಿದ್ದೇವೆ ಎಂದು ಯೋಚಿಸುವುದಕ್ಕಿಂತ ಸದ್ದಿನ ಬಾಯಿ ಕಟ್ಟುವುದು ಅಗ್ಗವಾಗಿತ್ತು.

ಟ್ಯೂನಿಂಗ್ ಮಾಡುವವರು ಈ ಸದ್ದನ್ನು ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೆ ಅವರ ಸಲಕರಣೆ ಡಾಕ್ಟರ ಸ್ಟೆತೊಸ್ಕೋಪಿನ ದಾಯಾದಿ. ಒಂದು ತಾಮ್ರದ ಕೊಳವೆಯ ತುದಿಯನ್ನು ಚಪ್ಪಟೆ ಬಡಿದು ಎಂಜಿನ್ನಿನ ಮೈಗೆ ಬೋಲ್ಟು ಹಾಕಿ ಬಿಗಿಯುತ್ತಾರೆ. ಅದರಿಂದ ಉದ್ದದ ರಬ್ಬರ್ ನಳಿಕೆ, ನಳಿಕೆಯ ತುದಿಗೆ ಕಾರ್ಖಾನೆಯವರು ಹಾಕಿಕೊಳ್ಳುವ ಕಿವಿಮುಚ್ಚುಗ. ಹೊರಗಿನ ಗದ್ದಲ ಕೇಳುವುದಿಲ್ಲ, ಲೋಹದೊಳಗಿನದು ಮಾತ್ರ ಕೇಳುತ್ತದೆ.

"ನೀನು ಸದ್ದಿನ ಮೇಲೆ ಪಿಎಚ್‌ಡಿ ಮಾಡೋಳು ತಾನೆ? ಶನಿವಾರ ಬಾರೇ, ಕಿವಿ ಕೊಟ್ಟು ಕೂತ್ಕೋ ಸಾಕು," ಎಂದ.

ನನ್ನ ಸಂಶೋಧನೆ ಕನ್ನಡದ ಶ, ಷ, ಸಗಳ ಮೇಲೆ. ನಮ್ಮ ವ್ಯಾಕರಣಗಳು ಇವನ್ನು ಊಷ್ಮಗಳೆನ್ನುತ್ತವೆ. ಊಷ್ಮವೆಂದರೆ ಬಿಸಿ, ಕಾವು. ಹಲ್ಲಿನ ಸಂದಿಯಲ್ಲಿ ಅದುಮಿಸಿಕೊಂಡು ಹೊರಬೀಳುವ ಬಿಸಿಯುಸಿರಿನ ಅಕ್ಷರಗಳು. ಕಂಪ್ಯೂಟರಿನ ಪರದೆಯ ಮೇಲೆ ಧ್ವನಿಯನ್ನು ಬಿಡಿಸಿಟ್ಟರೆ ಶಕಾರದ ಬಲ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕಾಣುತ್ತದೆ, ಸಕಾರದ್ದು ಅದಕ್ಕೂ ಮೇಲೆ, 5ರಿಂದ 8ರ ನಡುವೆ. ಊರುಕಡೆ ಶಾಲೆ ಸಾಲೆಯಾಗುತ್ತದೆ, ಶಂಕ್ರ ಸಂಕ್ರ ಆಗುತ್ತಾನೆ. ಇವು ಎಲ್ಲಿ ಬೆರೆಯುತ್ತವೆ, ಎಲ್ಲಿ ಬೇರೆಯಾಗಿ ಉಳಿಯುತ್ತವೆ ಎಂದು ನೋಡುತ್ತ ನನ್ನ ನಾಲ್ಕು ವರ್ಷ ಕಳೆದಿವೆ. ಮಿಯಾಟಾದ ಸಿಲಿಂಡರಿನ ಅಗಲ 78 ಮಿಲಿಮೀಟರ್. ಅಷ್ಟು ಅಗಲದ ಡಬ್ಬಿಯಲ್ಲಿ ಸಿಡಿತವಾದರೆ ಅದು ಮೊಳಗುವ ಸ್ವರ ಸುಮಾರು 7 ಕಿಲೋಹರ್ಟ್ಸ್ ಎಂದು ಲೆಕ್ಕ ಹಾಕಬಹುದು. ಸರಿಯಾಗಿ ಸಕಾರದ ಬೀದಿ. ಹೀಗಾಗಿ ಗಂಟಲಿನ ವಿಷಯ ಬಿಟ್ಟು ಲೋಹದ ವಿಷಯಕ್ಕೆ ಬಂದರೂ ನಾನು ಪರಸ್ಥಳಕ್ಕೆ ಹೋದಂತೆ ಆಗಲಿಲ್ಲ.

ಶನಿವಾರ ನಾವು ಹೋದದ್ದು ಡೈನೋ ಇರುವ ಒಂದು ಗ್ಯಾರೇಜಿಗೆ. ಹಿಂದಿನ ಚಕ್ರಗಳನ್ನು ಭಾರಿ ಉರುಳೆಗಳ ಮೇಲೆ ನಿಲ್ಲಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು, ಮೂತಿಯ ಮುಂದೆ ಒಂದು ದೊಡ್ಡ ಫ್ಯಾನು ಇಟ್ಟರು. ಕಾರು ಇದ್ದಲ್ಲೇ ಇರುತ್ತದೆ, ಊರು ಹಿಂದಕ್ಕೆ ಓಡುವುದಿಲ್ಲ ಅಷ್ಟೆ. ಕಿವಿಮುಚ್ಚುಗ ಹಾಕಿಕೊಂಡು ನಾನು ಪಕ್ಕದ ಸೀಟಿನಲ್ಲಿ ಕೂತೆ. ಕಿವಿಯ ಬಳಿ ಒಂದು ಸಣ್ಣ ಮೈಕು ಸಿಕ್ಕಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಸೂಪರ್‌ಚಾರ್ಜರ್ ಹಾಕುವ ಮುಂಚೆ ಇದೇ ಉರುಳೆಯ ಮೇಲೆ ಚಕ್ರಕ್ಕೆ 96 ಅಶ್ವಶಕ್ತಿ ಬಂದಿತ್ತು. ಮೊದಲ ಓಟಕ್ಕೆ 126 ಬಂತು. ಗ್ಯಾರೇಜಿನವರೂ ತಲೆದೂಗಿದರು. ನನ್ನ ಕಿವಿಯಲ್ಲಿ ಜಡಿಮಳೆಯಂಥ ಒಂದೇ ಸಮನೆ ಮೊರೆತ. ಎರಡನೆಯ ಓಟಕ್ಕೆ 124.

ಮೂರನೆಯ ಓಟದಲ್ಲಿ, ಎಂಜಿನ್ನು 4,500 ದಾಟುವಾಗ, ಮಳೆಯ ನಡುವೆ ಯಾರೋ ಹಲ್ಲು ಕಚ್ಚಿ ಉಸಿರೆಳೆದ ಹಾಗೆ ಕೇಳಿಸಿತು. ಒಮ್ಮೆ, ಮತ್ತೊಮ್ಮೆ, ಇನ್ನೊಮ್ಮೆ. ನಾನು ಕೈ ಎತ್ತಿದೆ. ಅವನು ಕಾಲು ತೆಗೆದ.

ಪರದೆ ನೋಡಿದರೆ ಏನೂ ಆಗಿರಲಿಲ್ಲ. ಮಿಶ್ರಣ 11.8, ಇರಬೇಕಾದಷ್ಟೇ. ಒತ್ತಡ 6. ಕಿಡಿ ಕೋಷ್ಟಕದಲ್ಲಿ ಬರೆದಷ್ಟೇ. ಮೊದಲ ಓಟಕ್ಕೂ ಮೂರನೆಯದಕ್ಕೂ ಬೇರೆಯಿದ್ದ ಸಂಖ್ಯೆ ಒಂದೇ, ಒಳಗೆ ಬರುವ ಗಾಳಿಯ ಬಿಸಿ. ಓಟದಿಂದ ಓಟಕ್ಕೆ ಗಾಳಿಪೆಟ್ಟಿಗೆಯೇ ಕಾದು ಕೂತಿತ್ತು. ಆ ಫ್ಯಾನಿನ ಗಾಳಿ ಅದಕ್ಕೆ ಸಾಕಾಗಿರಲಿಲ್ಲ. ಗ್ಯಾರೇಜಿನ ಹುಡುಗ ಅದು ಬೆಲ್ಟಿನ ಸದ್ದಿರಬಹುದು ಎಂದ. ಡೈನೋ ಮೇಲೆ ಯಾವಾಗಲೂ ಹೀಗೆ ಕಾಯುತ್ತದೆ, ರಸ್ತೆಯಲ್ಲಿ ಗಾಳಿ ಬೀಸುತ್ತಲ್ಲ ಎಂದ. ಎರಡೂ ಸುಳ್ಳಲ್ಲ. ಗೆಳೆಯನ ಮುಖ ನೋಡಿದೆ. 126 ಎಂದು ಅಚ್ಚಾದ ಹಾಳೆ ಅವನ ಕೈಯಲ್ಲಿತ್ತು. ಒಂದಿಡೀ ಚಳಿಗಾಲದ ದುಡಿಮೆ ಅದು. ಪಿಸ್ಟನ್ ಮುರಿದರೆ ಬೇರೆ ಎಂಜಿನ್ನಿಗೆ ಅವನ ಬಳಿ ದುಡ್ಡಿಲ್ಲ, ಲ್ಯಾಬಿಗೆ ಹೋಗಲು ಬೇರೆ ಕಾರೂ ಇಲ್ಲ. ಅದಕ್ಕೆ ಎದುರಾಗಿ ಇದ್ದದ್ದು ನನ್ನ ಕಿವಿಗೆ ಮೂರು ಸಲ ಕೇಳಿಸಿದ ಒಂದು ಸಕಾರ.

ಆ ರಾತ್ರಿ ರೆಕಾರ್ಡಿಂಗನ್ನು ನಾನು ದಿನನಿತ್ಯ ಬಳಸುವ ತಂತ್ರಾಂಶದಲ್ಲಿ ಹಾಕಿ ಬಿಡಿಸಿದೆ. ಮೊದಲ ಎರಡು ಓಟಗಳಲ್ಲಿ 7 ಕಿಲೋಹರ್ಟ್ಸ್ ಪಟ್ಟಿ ಮಬ್ಬಾಗಿ, ಖಾಲಿಯಾಗಿತ್ತು. ಮೂರನೆಯದರಲ್ಲಿ ಮೂರು ಕಪ್ಪು ಗೀರುಗಳು, ಉಗುರಿನಿಂದ ಗೀಚಿದಂತೆ. ಗೆಳೆಯ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ "ಅಪ್ಪನಿಗೆ ಕಳಿಸೋಣ" ಎಂದ.

ಅಲ್ಲೊಂದು ತೊಡಕಿತ್ತು. ನಲವತ್ತು ವರ್ಷ ಗಿರಣಿಯ ಮೊರೆತದಲ್ಲಿ ನಿಂತ ಆ ಕಿವಿಗಳು ಮಂದವಾಗಿ ಹದಿನೈದು ವರ್ಷವಾಗಿದೆ. ಗದ್ದಲದಿಂದ ಕಿವಿ ಹೋಗುವಾಗ ಮೊದಲು ಹೋಗುವುದು ಮೇಲಿನ ಸ್ವರಗಳು, 3ರಿಂದ 6 ಕಿಲೋಹರ್ಟ್ಸ್ ನಡುವಿನವು. ಭಾಷೆಯಲ್ಲಿ ಹೇಳುವುದಾದರೆ ಮೊದಲು ಊಷ್ಮಗಳು ಹೋಗುತ್ತವೆ. ಅವರಿಗೆ ಮಾತು ಕೇಳುತ್ತದೆ, ಮಾತಿನ ಅಂಚು ಕೇಳುವುದಿಲ್ಲ. ಫೋನಿನಲ್ಲಿ 'ಹಸು' ಅಂದರೆ 'ಹಗ್ಗವಾ' ಎನ್ನುತ್ತಾರೆ. "ನಂಗೆ ಸಬ್ದ ಕೇಳಾಕಿಲ್ಲ ಕಣವ್ವ, ಕೈಗೆ ಕೇಳ್ತೈತೆ," ಎಂದು ನನಗೇ ಒಮ್ಮೆ ಹೇಳಿದ್ದರು. ಬೀಸುವಾಗ ಗಿರಣಿಯ ಡಬ್ಬದ ಮೇಲೆ ಅಂಗೈ ಊರಿ ನಿಲ್ಲುತ್ತಾರಂತೆ. ಕಲ್ಲು ಹದವಾಗಿದೆಯೋ, ಕಾದಿದೆಯೋ, ಕುಟ್ಟಿಸಬೇಕೋ ಎಲ್ಲ ಅಂಗೈಗೆ ತಿಳಿಯುತ್ತದಂತೆ. ಈಗ ಪೇಟೆಯ ಪ್ಯಾಕೆಟ್ ಹಿಟ್ಟು ಬಂದು ಗಿರಣಿಗೆ ವಾರದಲ್ಲಿ ಮೂರೇ ದಿನ ಕೆಲಸ. ಆದರೂ ರಾಗಿ ಬೀಸಿಸುವವರು ಅವರನ್ನು ಬಿಟ್ಟಿಲ್ಲ.

7 ಕಿಲೋಹರ್ಟ್ಸ್ ಅವರಿಗೆ ಕೇಳುವ ಮಾತೇ ಇಲ್ಲ. ಆದರೆ ಧ್ವನಿಯನ್ನು ಎಂಟು ಪಟ್ಟು ನಿಧಾನ ಮಾಡಿದರೆ ಅದರ ಸ್ವರವೂ ಎಂಟು ಪಟ್ಟು ಕೆಳಗಿಳಿಯುತ್ತದೆ. 7,000 ಹೋಗಿ 900ರ ಆಸುಪಾಸು ಆಗುತ್ತದೆ, ಮನುಷ್ಯರ ಕೂಗಿನ ಎತ್ತರ. ಹಾಗೆ ಮಾಡಿ ಕಳಿಸಿದೆವು. ಎಂಜಿನ್ನಿನ ಮೊರೆತ ನಿಧಾನವಾಗಿ ಗುಡುಗುಡು ಉರುಳುವಂತಾಯಿತು. ನಡುವೆ ಆ ಮೂರು ಗೀರುಗಳು ಟಣ್, ಟಣ್, ಟಣ್ ಎಂದವು. ಹತ್ತು ನಿಮಿಷಕ್ಕೆ ಫೋನು ಬಂತು.

"ಯಾರ್ ಗಿರಣಿ ಇದು? ಕಲ್ಲು ಸಿಕ್ಕೈತೆ. ನಿಲ್ಸೋಕ್ ಹೇಳ್ಲಾ ಮೊದ್ಲು."

ಕಾಳಿನ ಜೊತೆ ಹರಳು ಬಂದು ಬೀಸುಕಲ್ಲುಗಳ ನಡುವೆ ಸಿಕ್ಕಿಕೊಂಡರೆ ಹಾಗೆ ಸದ್ದಾಗುತ್ತದಂತೆ. ಇದು ಗಿರಣಿಯಲ್ಲ, ನನ್ನ ಕಾರು ಎಂದ ಮಗ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದ್ಕೇ ಹೇಳಿದ್ದು ಕಾಯ್ತೈತಾ ಅಂತ. ದೊಡ್ ಪುಲ್ಲಿ ಹಾಕು."

ಬೇರೆ ದಾರಿಗಳಿರಲಿಲ್ಲವೆಂದಲ್ಲ. ಒತ್ತಡ ಏರಿದ ಒಂದೊಂದು ಪಿಎಸ್‌ಐಗೆ ಕಿಡಿಯನ್ನು ಒಂದೊಂದು ಡಿಗ್ರಿ ತಡ ಮಾಡುತ್ತ ಹೋಗುವುದು ಹಳೆಯ ಅಂದಾಜು, ಅದಕ್ಕಿಂತಲೂ ಇನ್ನೆರಡು ಡಿಗ್ರಿ ತಡ ಮಾಡಬಹುದಿತ್ತು. ಗಾಳಿ ಕಾದಾಗ ಮಾತ್ರ ಕಿಡಿ ತಡವಾಗುವಂತೆ ಮತ್ತೊಂದು ಕೋಷ್ಟಕ ತುಂಬಬಹುದಿತ್ತು. ಎರಡನ್ನೂ ಅವನು ಮಾಡಿದ. ಆದರೆ ಮೊದಲು ಮಾಡಿದ್ದು ಅಪ್ಪ ಹೇಳಿದ್ದನ್ನು. 65 ಮಿಲಿಮೀಟರಿನ ಪುಲ್ಲಿ ಬಿಚ್ಚಿ 70ರದ್ದನ್ನು ಹಾಕಿದ. ಐದು ಮಿಲಿಮೀಟರ್, ಎರಡು ಗೆರೆ ಪುಸ್ತಕದ ಒಂದು ಸಾಲಿನಷ್ಟೂ ಅಗಲವಿಲ್ಲ. ಒತ್ತಡ 6ರಿಂದ 4.5ಕ್ಕೆ ಇಳಿಯಿತು. ಲೆಕ್ಕದ ಪ್ರಕಾರ ಗಾಳಿ 80ರ ಬದಲು 70 ಡಿಗ್ರಿಗೆ ನಿಲ್ಲಬೇಕು. ಬಿಟ್ಟುಕೊಟ್ಟ ಒತ್ತಡದಲ್ಲಿ ಅರ್ಧಕ್ಕಿಂತ ಹೆಚ್ಚು ಬರಿ ಕಾವೇ ಆಗಿತ್ತಾದ್ದರಿಂದ ಕಳೆದುಕೊಂಡ ಗಾಳಿ ತೀರಾ ಕಡಿಮೆ. ಮತ್ತೆ ಡೈನೋ ಮೇಲೆ ಏರಿಸಿದಾಗ 119 ಬಂತು. ಎರಡನೆಯ ಓಟಕ್ಕೂ 119, ಮೂರನೆಯದಕ್ಕೆ 118.

ಈ ಹವ್ಯಾಸವನ್ನು ನಾನು ಮೆಚ್ಚಿಕೊಳ್ಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ಇಂಥ ಜೋಡಣೆಗೆ ಸರ್ಕಾರದ ಅನುಮತಿ ಸಂಖ್ಯೆ ಬೇಕು. ಮಿಶಿಗನ್‌ನಲ್ಲಿ ಕಾರುಗಳಿಗೆ ಹೊಗೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲ ಅಂದಮಾತ್ರಕ್ಕೆ ದೇಶದ ವಾಯು ಕಾನೂನು ಇಲ್ಲ ಅಂತಾಗುವುದಿಲ್ಲ ಎಂದು ಅವನೊಂದಿಗೆ ಎಷ್ಟೋ ಸಲ ವಾದ ಮಾಡಿದ್ದೇನೆ. ಹೊಗೆ ಶುದ್ಧಮಾಡುವ ಕನ್ವರ್ಟರನ್ನು ಅವನು ತೆಗೆಯಲಿಲ್ಲ. ಶಕ್ತಿಯ ಆಸೆಗೆ ಅದನ್ನು ಕಿತ್ತೆಸೆಯುವವರು ಬೇಕಾದಷ್ಟಿದ್ದಾರೆ. ಸೀಸದ ಕಥೆ ತಿಳಿದ ಮೇಲೆ ಅಷ್ಟಾದರೂ ಮಾಡದಿದ್ದರೆ ಹೇಗೆ ಎಂಬುದು ಅವನ ಮಾತು.

ಆದರೆ ಒಂದು ವಿಷಯ ನನಗೆ ಖಚಿತವಾಯಿತು. ನಮ್ಮ ಜೊತೆಯ ಎಷ್ಟೋ ಜನ ಹೊರಗಿನ ಗೇಜು ನೋಡಿಕೊಂಡು ಬದುಕುತ್ತಿದ್ದಾರೆ. ಎಷ್ಟು ಪೇಪರು, ಎಷ್ಟು ಉಲ್ಲೇಖ, ಎಷ್ಟು ಗಂಟೆ. ಮುಳ್ಳು ಏರುತ್ತಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥ. ಏರಿದ್ದರಲ್ಲಿ ಕೆಲಸ ಎಷ್ಟು, ಕಾವು ಎಷ್ಟು ಎಂದು ಬಿಡಿಸಿ ಹೇಳುವ ಕೋಷ್ಟಕ ಯಾವ ವಿಭಾಗದಲ್ಲೂ ಇಲ್ಲ. ಹಲ್ಲು ಕಚ್ಚಿ ಉಸಿರೆಳೆದ ಸದ್ದು ಬಂದರೆ ಬೆಲ್ಟಿನದಿರಬಹುದು ಎನ್ನುವವರು ಎಲ್ಲೆಲ್ಲೂ ಇದ್ದಾರೆ. ಒಂದೂವರೆ ಪಿಎಸ್‌ಐ ಬಿಟ್ಟುಕೊಟ್ಟು ಏಳು ಅಶ್ವಶಕ್ತಿ ಕಳೆದುಕೊಂಡದ್ದನ್ನು ಗೆಳೆಯ ಸೋಲು ಎಂದು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. 126ರ ಹಾಳೆಯನ್ನು ಹರಿಯಲೂ ಇಲ್ಲ. ಅದರ ಹಿಂಬದಿಯಲ್ಲಿ ಹೊಸ ಕಿಡಿ ಕೋಷ್ಟಕದ ಲೆಕ್ಕ ಬರೆದುಕೊಂಡಿದ್ದಾನೆ.

ದೊಡ್ಡ ಪುಲ್ಲಿಯ ಮೂರು ಓಟಗಳ ರೆಕಾರ್ಡಿಂಗನ್ನೂ ನಾನು ಬಿಡಿಸಿ ನೋಡಿದೆ. 7 ಕಿಲೋಹರ್ಟ್ಸ್ ಪಟ್ಟಿ ಕೊನೆಯ ತನಕ ಖಾಲಿ. ಅದನ್ನೂ ಎಂಟು ಪಟ್ಟು ನಿಧಾನ ಮಾಡಿ ಊರಿಗೆ ಕಳಿಸಿದೆವು. ಈ ಸಲ ಫೋನು ಬರಲು ಅರ್ಧ ಗಂಟೆ ಹಿಡಿಯಿತು. ಪೂರ್ತಿ ಎರಡು ಸಲ ಕೇಳಿದರಂತೆ.

"ಕಲ್ಲೇನೂ ಕೇಳ್ತಿಲ್ಲ ಕಣ್ಲಾ," ಎಂದರು.

ಕೇಳುತ್ತಿಲ್ಲ ಎಂಬ ಮಾತನ್ನು ಅಪ್ಪ ನಗುತ್ತ ಹೇಳಿದ್ದು ಹದಿನೈದು ವರ್ಷದಲ್ಲಿ ಇದೇ ಮೊದಲು ಎಂದು ಗೆಳೆಯ ಫೋನಿಟ್ಟ ಮೇಲೆ ನನಗೆ ಹೇಳಿದ.